ಜೀಪಿನೊಳಗಿನ ಗುಬ್ಬಿ

ಮೌನದ ಬೆಲೆ ಮನುಷ್ಯನಿಗೆ ತಿಳಿಯುವುದು ಆಯುಷ್ಯದ ಇಳಿಹೊತ್ತಿನಲ್ಲಿ. ಅದಕ್ಕೂ ಮೊದಲೇ ತಿಳಿದುಕೊಂಡ ಪುಣ್ಯವಂತರು ಗವಿ ಸೇರಿದರು, ಮಠ ಕಟ್ಟಿದರು, ಲೋಕಕ್ಕೆ ದಾರಿ ತೋರಿಸಿದರು. ನನಗೆ ತಿಳಿದದ್ದು ಹಾತಕಣಂಗಲೆಯ ಸ್ಟೇಶನ್ ರಸ್ತೆಯಲ್ಲಿ, ನನ್ನ ಜೀಪಿನ ಸೈಲೆನ್ಸರ್ ಕಳಚಿ ಬಿದ್ದು, ಹಿಂದೆ ಬರುತ್ತಿದ್ದ ಹಾಲಿನ ಟೆಂಪೋ ಅದನ್ನು ಚಪಾತಿ ಮಾಡಿದಾಗ.

ಸೈಲೆನ್ಸರ್ ಇಲ್ಲದ ಹಳೆ ಡೀಸೆಲ್ ಜೀಪು ಎಂಥ ಸಪ್ಪಳ ಮಾಡುತ್ತದೆಂದು ವರ್ಣಿಸಲು ನನ್ನಿಂದ ಆಗದು. ದಾರಿಯ ನಾಯಿಗಳು ಬೊಗಳುವುದನ್ನು ಮರೆತು ನಿಂತಿದ್ದವು ಎಂದಷ್ಟೇ ಹೇಳಬಲ್ಲೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಎರಡೂ ಕಿವಿಗೆ ಕೈ ಒತ್ತಿಕೊಂಡವಳು, ಇಚಲಕರಂಜಿಯ ನಮ್ಮ ಓಣಿ ಬರುವ ತನಕ ತೆಗೆಯಲಿಲ್ಲ. ಮನೆಯ ಮುಂದೆ ಇಂಜಿನ್ ಆರಿಸಿದ ಮೇಲೆ ಕೆಳಗಿಳಿದು, ಬಾನೆಟ್ ಸುತ್ತಿ ನನ್ನ ಎದುರಿಗೆ ಬಂದು ನಿಂತು ತೀರ್ಪು ಓದಿದಳು.

"ನೋಡ್ರಿ, ದಸರಾ ತನಕ ನಿಮಗ ವ್ಯಾಳ್ಯಾ ಕೊಡ್ತೀನಿ. ಇದರ ಸಪ್ಪಳಾ ಕಡಿಮಿ ಮಾಡ್ರಿ. ಇಬ್ರು ಬಾಜೂಕ ಬಾಜೂಕ ಕುಂತು ನಾಕ್ ಮಾತ್ ಆಡುವಂಗ ಇರಬೇಕು. ಆಗಲಿಲ್ಲಂದ್ರ ಹಾತಕಣಂಗಲಿ ಸಾವಕಾರ್ರಿಗೆ ಕೊಟ್ಟ್ ಬಿಡ್ರಿ. ಅವರು ಮೂರ್ ವರ್ಷದಿಂದ ಕೇಳಾಕತ್ತಾರ."

"ಜೀಪ್ ಅಂದ್ರ ಸಪ್ಪಳಾ ಇರೂದ" ಎಂದೆ.

"ಮೂವತ್ನಾಕ್ ವರ್ಷ ಮಗ್ಗದ ಸಪ್ಪಳಾ ಆತು. ಇನ್ನ ಸಾಕು."

ಗಣಪತಿ ನೀರಿಗೆ ಹೋಗಿ ಎರಡು ದಿನವಾಗಿತ್ತು. ದಸರಾಕ್ಕೆ ಮೂರು ವಾರದ ಮೇಲೆ ಕೆಲವು ದಿನ ಉಳಿದಿದ್ದವು. ನಮ್ಮ ಕಡೆ ಗಾಡಿಗಳು ಕೈ ಬದಲಾಯಿಸುವುದು ದಸರೆಗೇ. ಸಾವಕಾರರು ಹಾತಕಣಂಗಲೆಯಲ್ಲಿ ತಲೆಮಾರುಗಳಿಂದ ಕಬ್ಬು ಬೆಳೆಯುವ ಜೈನರು, ಮಾತು ಕಡಿಮೆ, ನೆನಪು ಹೆಚ್ಚು. ಪ್ರತಿ ದಸರೆಗೂ ಬಂದು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಹಾ ಕುಡಿದು, "ವಿಚಾರ ಮಾಡ್ರಿ" ಎಂದು ಹೋಗುವುದು ಅವರ ವ್ರತ.

ಜೀಪಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಮದುವೆಗಿಂತ ಅದು ಎರಡು ವರ್ಷ ಚಿಕ್ಕದು. ಮೇಲೆ ತಾಡಪತ್ರಿಯ ಹುಡ್, ನಾಲ್ಕೂ ಚಾಕಕ್ಕೆ, ಅಂದರೆ ಗಾಲಿಗೆ, ಇಂಜಿನ್ನಿನ ಬಲ ಹೋಗುವ ಏರ್ಪಾಟು. ಶೆಡ್ಡಿನ ಕೆಲಸ ಬಿಟ್ಟ ವರ್ಷ ಗಡಹಿಂಗ್ಲಜ ಕಡೆಯ ಒಬ್ಬ ರೈತರಿಂದ ಕೊಂಡದ್ದು. ನಮಗೆ ಹೊಲವಿಲ್ಲ, ಗುಡ್ಡವಿಲ್ಲ. ಕಾಡು-ಮೇಡು ಹತ್ತಲು ಹುಟ್ಟಿದ ಈ ವಾಹನದಲ್ಲಿ ನಾನು ಹೆಚ್ಚಾಗಿ ತಂದದ್ದು ಕೊತ್ತಂಬರಿ. ಆದರೆ ಒಂದು ವರ್ಷ ಹೊಳೆಯ ನೀರು ಓಣಿಗೆ ನುಗ್ಗಿದಾಗ ನೆರೆಯವರ ಗಂಟುಮೂಟೆ, ಎರಡು ಆಡು, ಒಂದು ಫ್ರಿಜ್ಜು, ಅದರ ಮೇಲೆ ಕೂತೇ ಬರುತ್ತೇನೆಂದು ಹಟ ಹಿಡಿದ ಒಬ್ಬ ಅಜ್ಜಿ, ಇಷ್ಟನ್ನೂ ದಾಟಿಸಿದ್ದು ಇದೇ. ಅಂದಿನಿಂದ ಅದನ್ನು ಬರೀ ಗಾಡಿ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ. ಕೃತಜ್ಞತೆಯಿಂದ ವರ್ಷಕ್ಕೊಂದು ಸುಧಾರಣೆ ಮಾಡುತ್ತ ಬಂದಿದ್ದೆ. ಒಮ್ಮೆ ಬೆಳ್ಳಗೆ ಉರಿಯುವ ಹೊಸ ದೀಪ, ಒಮ್ಮೆ ಮೊಬೈಲ್ ಚಾರ್ಜ್ ಮಾಡುವ ಕಿಂಡಿ, ಒಮ್ಮೆ ನೀರಿನ ಬಾಟಲಿ ಸಿಕ್ಕಿಸುವ ಕಬ್ಬಿಣದ ಬಳೆ. ಬಾಟಲಿ ಅದರಲ್ಲಿ ಈವರೆಗೆ ನಿಂತಿಲ್ಲ, ಬಳೆ ಮಾತ್ರ ಗಟ್ಟಿಯಾಗಿದೆ.

ನಾನು ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಜಾಬರ್ ಆಗಿದ್ದವನು. ಜಾಬರ್ ಎಂದರೆ ಮಗ್ಗಗಳ ವೈದ್ಯ. ನಲವತ್ತೆಂಟು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವ ಆ ಶೆಡ್ಡಿನಲ್ಲಿ ಬಾಗಿಲಲ್ಲಿ ನಿಂತೇ, ಮೂರನೇ ಸಾಲಿನ ಐದನೇ ಮಗ್ಗದ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದೆ. ಹೋಗಿ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಖಾತ್ರಿ. ಕಿವಿ ಹೇಳಿದ್ದನ್ನು ಅಂಗೈ ಸಹಿ ಮಾಡಬೇಕು. ನನ್ನ ಉಸ್ತಾದ್ ಕಲಿಸಿದ ಪದ್ಧತಿ ಅದು. "ಆ ಮನಷ್ಯಾನ ಕಿವಿ ಕಿವಿ ಅಲ್ಲ, ಮಶಿನ್" ಎಂದು ಮಾಲಕರು ಬೇರೆ ಶೆಡ್ಡಿನವರ ಮುಂದೆ ಹೇಳುತ್ತಿದ್ದರು. ಸಂಬಳ ಹೆಚ್ಚು ಮಾಡದೆ ಇರಲು ಅದು ಅವರಿಗೆ ಅನುಕೂಲವಾಗಿತ್ತು.

ಆ ಸಪ್ಪಳದಲ್ಲಿ ಬಾಯಿಮಾತು ನಡೆಯುವುದಿಲ್ಲ. ಹೀಗಾಗಿ ಶೆಡ್ಡಿನವರಿಗೆ ಕೈಯ ಭಾಷೆಯೊಂದಿದೆ. ಎರಡು ತೋರುಬೆರಳು ಸೇರಿಸಿ ಬಿಡಿಸಿದರೆ ಎಳೆ ಹರಿದಿದೆ. ಮೀಸೆ ತಿರುವಿದರೆ ಮಾಲಕರು ಬರುತ್ತಿದ್ದಾರೆ. ಮುಷ್ಟಿಯ ಮೇಲೆ ಮುಷ್ಟಿ ಸುತ್ತಿಸಿದರೆ ಬೀಮು, ಅಂದರೆ ಹಾಸಿನ ನೂಲು ಸುತ್ತಿದ ದೊಡ್ಡ ಉರುಳೆ. ಉಳಿದದ್ದಕ್ಕೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ನನ್ನ ಹೆಂಡತಿ ಶೆಡ್ಡಿನಲ್ಲಿ ದುಡಿದವಳಲ್ಲ. ಮನೆಯ ಪಡಸಾಲೆಯಲ್ಲಿ ಸಣ್ಣ ಯಂತ್ರದ ಮೇಲೆ ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಕೊಳವೆ. ನನಗೆ ಬುತ್ತಿ ತರುತ್ತ ತರುತ್ತ ಆಕೆಗೂ ಕೈಭಾಷೆ ಬಂತು. ಮದುವೆಯಾದ ಹೊಸತರಲ್ಲಿ ನಮ್ಮ ಮೊದಲ ಜಗಳ ಆದದ್ದು ಶೆಡ್ಡಿನ ಬಾಗಿಲಲ್ಲಿ, ಪೂರಾ ಕೈಯಿಂದಲೇ. ನೋಡಿದ ಇಪ್ಪತ್ತು ಜನರಿಗೂ ಅರ್ಥವಾಯಿತು. ಕೆಲವರು ನನಗೆ ವಿರುದ್ಧವಾಗಿ ಕೈಯಾಡಿಸಿದರು.

ಇಂಥ ನನಗೆ ಒಂದು ಜೀಪಿನ ಸಪ್ಪಳ ಇಳಿಸುವುದು ಯಾವ ಲೆಕ್ಕ?

ಮೊದಲು ಹೊಸ ಸೈಲೆನ್ಸರ್ ಕೂರಿಸಿದೆ. ಆಮೇಲೆ ಪಾನಾ ಹಿಡಿದು ಮೈಯ ಒಂದೊಂದೇ ನಟ್ಟು ಬಿಗಿದೆ. ಮೂವತ್ತು ವರ್ಷದ ವಾಹನದಲ್ಲಿ ಅರ್ಧ ಸಪ್ಪಳ ಇಂಜಿನ್ನಿನದು, ಉಳಿದರ್ಧ ಸಡಿಲಾದ ತಗಡುಗಳ ಸತ್ಸಂಗ. ಅಷ್ಟಾದರೂ ಇಂಜಿನ್ ಆರಿಸುವಾಗ ಜೀಪು ಒದ್ದೆ ನಾಯಿಯಂತೆ ಮೈ ಕೊಡವುತ್ತಿತ್ತು. ಇಂಜಿನ್ನಿನ ಕೆಳಗಿನ ರಬ್ಬರ್ ಗದ್ದಿಗೆಗಳು ಸತ್ತಿವೆ ಎಂದು ಅಂಗೈ ಹೇಳಿತು. ಮೆಕ್ಯಾನಿಕ್‌ಗಳು ಅವಕ್ಕೆ ಫೌಂಡೇಶನ್ ಎನ್ನುತ್ತಾರೆ. ಎಂಥ ಗಂಭೀರವಾದ ಹೆಸರು! ಕೈಯಲ್ಲಿ ಹಿಡಿದರೆ ಒಣಗಿದ ರೊಟ್ಟಿಯಷ್ಟಿರುತ್ತದೆ.

ಅವನ್ನು ತರಲು ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆ. ಪಿತೃಪಕ್ಷ ನಡೆದಿತ್ತು. ಆ ಹದಿನೈದು ದಿನ ಹೊಸ ವಸ್ತು ಯಾರೂ ಕೊಳ್ಳುವುದಿಲ್ಲ. ಹಳೆ ಗಾಡಿಯ ರಿಪೇರಿಗೆ ಪಿತೃಗಳ ಆಕ್ಷೇಪಣೆ ಇದ್ದಂತಿಲ್ಲ. ಪಾರ್ಟುಗಳ ಅಂಗಡಿಯಾತ ಗಲ್ಲಾದ ಮೇಲೆ ಕೈಯಿಟ್ಟು ತೂಕಡಿಸುತ್ತಿದ್ದ.

"ಕಾಯ್ ಪಾಯ್ಜೆ, ಮಾಮಾ?"

ಏನು ಬೇಕೆಂದು ಹೇಳಿದೆ. ಜೀಪಿನ ವಯಸ್ಸನ್ನೂ ಹೇಳಿದೆ. ಆತ ಎದ್ದು ನಿಂತು ಎರಡೂ ಕೈ ಮುಗಿದ.

"ಮಾಮಾ, ತೀ ಗಾಡೀ ನಾಹೀ, ದೇವ್ ಆಹೇ. ಹಾರ ಹಾಕಿ ಮನ್ಯಾಗ ಇಡ್ರಿ. ಫೌಂಡೇಶನ್ ಯಾಕ ಬೇಕ್ರಿ ದೇವರಿಗೆ?"

ಹೀಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಚೇಷ್ಟೆ ಮಾಡಿದರೂ, ಒಳಗೆ ಹೋಗಿ ಅರ್ಧ ತಾಸು ಹುಡುಕಿ, ಮೈತುಂಬ ಜೇಡರ ಬಲೆ ಮಾಡಿಕೊಂಡು ನಾಲ್ಕು ಫೌಂಡೇಶನ್ ತಂದುಕೊಟ್ಟ. ಅವನ್ನು ಕೂರಿಸಲು ನನಗೆ ಎರಡು ದಿನ ಹಿಡಿಯಿತು. ಇಂಜಿನ್ ಚಾಲೂ ಮಾಡಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಹೊಟ್ಟೆ ತುಂಬಿದ ಎಮ್ಮೆಯ ಬೆನ್ನಿನಂತಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಊರ ಹೊರಗಿನ ತನಕ ಹೋಗಿ ಬಂದೆ.

ಇಳಿದು ಬಾನೆಟ್ ಸುತ್ತಿ ಎದುರಿಗೆ ಬಂದಳು. "ಒಳಗ ಗುಬ್ಬಿ ಕುಂತೈತಿ."

"ಏನು?"

"ಗುಬ್ಬೀರಿ, ಗುಬ್ಬಿ. ಚೀಂವ್ ಚೀಂವ್ ಅನ್ನಾಕತ್ತೈತಿ. ನೀವು ಜೋರ್ ಬಿಟ್ರ ತಾನೂ ಜೋರ್ ಅಂತೈತಿ, ಹಗೂರ ಆದ್ರ ಹಗೂರ ಅಂತೈತಿ. ಮೊದಲ ಈ ಸಪ್ಪಳಾ ಇರಲಿಲ್ಲ."

ಕೇಳಿ ನನಗೆ ನಗು ಬಂತು. ಆದರೂ ನ್ಯಾಯ ನ್ಯಾಯವೇ. ಮರುದಿನ ಸೀಟು ಬಿಚ್ಚಿದೆ, ಡ್ಯಾಶ್‌ಬೋರ್ಡಿನ ಹಿಂದೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಒಂದು ತಲೆಪಿನ್ನು ಸಿಕ್ಕಿತು, ಈಗ ನಡೆಯದ ಒಂದು ನಾಣ್ಯ ಸಿಕ್ಕಿತು, ಹೋದ ವರ್ಷ ನೆರೆಯವನು ಕದ್ದನೆಂದು ನಾನು ಮಾತು ಬಿಟ್ಟಿದ್ದ ಹದಿನಾಲ್ಕರ ಪಾನಾ ಸಿಕ್ಕಿತು. ಗುಬ್ಬಿ ಸಿಗಲಿಲ್ಲ. ಪಾನಾ ಸಿಕ್ಕ ವಿಷಯ ನೆರೆಯವನಿಗೆ ಹೇಳಲಿಲ್ಲ. ಮಾತು ಮಾತ್ರ ಆಡಲು ಶುರು ಮಾಡಿದೆ.

ಆಮೇಲೆ ಒಳಮೈಯ ಕೆಲಸಕ್ಕೆ ಕೈ ಹಾಕಿದೆ. ಶೆಡ್ಡಿನಲ್ಲಿ ಕಬ್ಬಿಣ ಕಬ್ಬಿಣಕ್ಕೆ ಬಡಿಯುವಲ್ಲಿ ಮಗ್ಗ ತಿರುಗಿಸುವ ಹಳೆ ಪಟ್ಟಾದ ತುಂಡು ಕೊಡುವುದು ನಮ್ಮ ರೂಢಿ. ಅಲ್ಲಿಂದ ಸವೆದ ಪಟ್ಟಾ ಕೇಳಿ ತಂದು ತಳದ ತಗಡಿಗೆ ಅಂಟಿಸಿದೆ. ಅದರ ಮೇಲೆ ಬಟ್ಟೆಯ ಚಿಂದಿ ನಾಲ್ಕು ಪದರ ಹೊಲಿದು ಹಾಸಿದೆ. ಬಾಗಿಲಂಚಿಗೆ ರಬ್ಬರ್, ಹುಡ್ಡಿನ ಕೊಂಡಿಗಳಿಗೆ ಚರ್ಮದ ತುಂಡು. ಎಂಟು ದಿನದ ಮೇಲೆ ಜೀಪು ಒಳಗಿನಿಂದ ಗಾದಿಯಂಗಡಿಯಂತೆ ಕಾಣುತ್ತಿತ್ತು. ಅಂಗೈ ಎಲ್ಲಿಟ್ಟರೂ ಶಾಂತಿ.

ಮತ್ತೆ ಪರೀಕ್ಷೆ. ಹಾತಕಣಂಗಲೆಯ ತನಕ ಹೋಗಿ ಬಂದೆವು. ದಾರಿಯುದ್ದಕ್ಕೂ ಆಕೆ ಒಂದು ಮಾತೂ ಆಡಲಿಲ್ಲ. ನನಗೆ ಅದು ಸಂತೃಪ್ತಿಯ ಮೌನವೆಂದೇ ಅನಿಸಿತು. ಶಿಲ್ಪಿಯ ಮುಂದೆ ಭಕ್ತರು ಹೀಗೇ ಮೂಕರಾಗುತ್ತಾರಂತೆ. ಮನೆ ಮುಟ್ಟಿ, ಹೆಮ್ಮೆಯಿಂದ ಆಕೆಯ ಕಡೆ ತಿರುಗಿದೆ. ಮುಖ ಕೆಂಪಗಾಗಿತ್ತು.

"ಹೆಂಗಾತು?" ಎಂದೆ.

"ಏನ್ ಹೆಂಗಾತು? ಒಂದ್ ತಾಸಿನಿಂದ ಒಬ್ಬಾಕಿನ ಮಾತಾಡಾಕತ್ತೇನಿ. ಹೂಂ ಇಲ್ಲ, ಊಹೂಂ ಇಲ್ಲ."

"ನೀ ಮಾತಾಡಿದೇನು?"

"ಅಕ್ಕನ ಮೊಣಕಾಲಿಂದು ಹೇಳಿದೆ. ಹಿತ್ತಲ ನಳಾ ಸೋರಾಕತ್ತೈತಿ ಅಂದೆ. ಗುಬ್ಬಿ ಇನ್ನಾ ಹೆಚ್ಚಾಗೈತಿ ಅಂತ ಮೂರ್ ಸಲ ಅಂದೆ. ನೀವು ಮಾರಿ ಹೊಳ್ಳಿಸಿ ಸುದ್ದಾ ನೋಡಲಿಲ್ಲ."

"ರಸ್ತಾದ ಮ್ಯಾಲ ಲಕ್ಷ್ಯ ಇತ್ತು."

ಆಕೆ ನನ್ನನ್ನು ದಿಟ್ಟಿಸಿದಳು. ಸಂತೆಯಲ್ಲಿ ಬದನೆಕಾಯಿ ಎತ್ತಿ, ಹೊರಗೆ ಚೊಕ್ಕವಿದೆ, ಒಳಗೆ ಹುಳ ಇದೆಯೋ ಏನೋ ಎಂದು ತಿರುವಿ ನೋಡುತ್ತಾರಲ್ಲ, ಹಾಗೆ. ಆಮೇಲೆ ಒಳಗೆ ಹೋದಳು.

ನನಗೆ ಸಿಟ್ಟು ಬಂತು. ಹದಿನೈದು ದಿನ ಮೈಯೆಲ್ಲ ಗ್ರೀಸು ಮಾಡಿಕೊಂಡು ದುಡಿದವನಿಗೆ, ಸಪ್ಪಳ ಇಳಿದಷ್ಟೂ ಹೆಚ್ಚಾಯಿತು ಎಂದರೆ? ಇದು ಗುಬ್ಬಿಯಲ್ಲ, ರಾಜಕಾರಣ. ಜೀಪು ಮಾರಿಸಲು ಹೂಡಿದ ಆಟ ಎಂದು ತೀರ್ಮಾನಿಸಿದೆ. ಎರಡು ದಿನ ನಮ್ಮ ಮನೆಯಲ್ಲಿ ಅಕ್ಕಿ, ಹಾಲು, ಸಿಲಿಂಡರ್ ಇಷ್ಟರ ಬಗ್ಗೆ ಮಾತ್ರ ಮಾತು ನಡೆಯಿತು. ಮೂರನೇ ದಿನ ಸಾವಕಾರರ ಫೋನ್ ಬಂತು. ಹೆಂಡತಿಯೇ ಎತ್ತಿದಳು, ಎದುರಿಗೆ ನಿಂತು ನನಗೆ ಹೇಳಿದಳು: "ನವಮಿಗೆ ಬರ್ತಾರಂತ. ಕೊಡೂದಿದ್ರ ದಶಮಿ ದಿನಾ ಒಯ್ತೀನಿ ಅಂದ್ರು."

ಎಂಟು ದಿನ ಉಳಿದಿದ್ದವು. ತಂಟೆ ಬಿದ್ದ ಇಬ್ಬರ ನಡುವೆ ಮೂರನೆಯವನ ತೀರ್ಪು ಬೇಕು. ಗಡಹಿಂಗ್ಲಜದ ಮಿಸ್ತ್ರಿಯ ಹತ್ತಿರ ಹೋಗೋಣ ಎಂದೆ. ಜೀಪು ಹಳೆಯ ರೈತರ ಹತ್ತಿರ ಇದ್ದಾಗಿನಿಂದ ಅದರ ಹೊಟ್ಟೆ ಬಿಚ್ಚಿ ಕಟ್ಟಿದವನು ಆತ. ಆಕೆ ಕೂಡಲೇ ಒಪ್ಪಿದಳು. ಗೆಲ್ಲುವ ಖಾತ್ರಿ ಇಬ್ಬರಿಗೂ ಇತ್ತು.

ನಿಪ್ಪಾಣಿ ದಾಟಿ ಸಂಕೇಶ್ವರದ ಕಡೆ ಹೊರಟಾಗ ಆಕೆ ಮಾತಾಡುವುದನ್ನು ಬಿಟ್ಟುಬಿಟ್ಟಿದ್ದಳು. ಅದರ ಬದಲು ಡ್ಯಾಶ್‌ಬೋರ್ಡಿನ ಮೇಲೆ ತೋರುಬೆರಳಿನಿಂದ ಬಡಿಯುತ್ತಿದ್ದಳು. ಟಪ್, ಟಪ್, ಟಪ್. ಮೊದಲು ಲಕ್ಷ್ಯ ಕೊಡಲಿಲ್ಲ. ಒಂದು ಹಂಪ್ ಬಂದಿತೆಂದು ಹಗುರ ಮಾಡಿದೆ, ಬೆರಳೂ ಹಗುರಾಯಿತು. ಹಂಪ್ ದಾಟಿ ಜೋರು ಬಿಟ್ಟೆ, ಬೆರಳೂ ಓಡಿತು. ಇನ್ನೊಮ್ಮೆ, ಸುಮ್ಮನೆ, ರಸ್ತೆ ಖಾಲಿ ಇದ್ದರೂ ಹಗುರ ಮಾಡಿ ನೋಡಿದೆ. ಆಕೆ ಕಿಡಕಿಯ ಹೊರಗೆ ಕಬ್ಬು ನೋಡುತ್ತಿದ್ದಳು, ನನ್ನ ಕಾಲಿನ ಕಡೆ ಅಲ್ಲ, ವೇಗದ ಮುಳ್ಳಿನ ಕಡೆಯೂ ಅಲ್ಲ. ಬೆರಳು ಹಗುರಾಯಿತು.

ಸುಳ್ಳಿಗೆ ತಾಳವಿರುವುದಿಲ್ಲ. ಚಾಕದ ಜೊತೆ ಏರಿ ಇಳಿಯುವ ತಾಳ ಮನಸ್ಸಿನ ಕಲ್ಪನೆಯಲ್ಲ. ತಿರುಗುವ ಯಾವುದೋ ಕಬ್ಬಿಣದ್ದು. ಜಾಬರನಿಗೆ ಇಷ್ಟು ತಿಳಿಯದಿದ್ದರೆ ಹೇಗೆ? ಅಲ್ಲಿಂದ ಮುಂದೆ ನಾನು ಆ ಸಪ್ಪಳವನ್ನು ಹುಡುಕುತ್ತ ಗಾಡಿ ನಡೆಸಿದೆ. ಇಂಜಿನ್ನಿನ ಗುಡುಗು ಕೇಳುತ್ತಿತ್ತು, ಟೈರಿನ ಮೊರೆತ ಕೇಳುತ್ತಿತ್ತು, ಲಾರಿಗಳ ಅಬ್ಬರ ಕೇಳುತ್ತಿತ್ತು. ಗುಬ್ಬಿ ಇರಲಿಲ್ಲ.

ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನ ಹಿಂದೆ ಮಿಸ್ತ್ರಿಯ ಗ್ಯಾರೇಜು. ನಾನು ಒಳಗೆ ತಿರುಗಿಸಿ ಇಂಜಿನ್ ಬಂದ್ ಮಾಡಿದೆ. ಇಳಿಜಾರಿನಲ್ಲಿ ಜೀಪು ತಾನಾಗಿಯೇ ಹತ್ತು ಮಾರು ಉರುಳಿ ನಿಂತಿತು. ಮಿಸ್ತ್ರಿ ಕೂತಲ್ಲಿಂದಲೇ ಕೂಗಿದ. ಆತನ ದನಿ ದೊಡ್ಡದು, ಎಂದಿನಿಂದಲೂ ನನಗೆ ಇಷ್ಟ.

"ಬರ್ರಿ ಮಾಮಾ! ಹಿಂದಿನ ಶಾಫ್ಟಿನ ಕ್ರಾಸ್ ಹೋಗೈತಲ್ರಿ! ಬರೂದ್ರಾಗ ಹೇಳಾಕತ್ತೈತಿ ಅದು. ಇಷ್ಟ್ ದಿನಾ ಏನ್ ಭಜನಿ ಅಂತ ಕೇಳಾಕತ್ತಿದ್ರೇನು?"

ಹೆಂಡತಿ ನನ್ನ ಕಡೆ ನೋಡಲಿಲ್ಲ. ಗೆದ್ದವರು ಹಾಗೆ ನೋಡದೆ ಇರುವುದು ದೊಡ್ಡ ಗುಣ.

ಇಂಜಿನ್ ಕಡೆಯಿಂದ ಹಿಂದಿನ ಚಾಕಗಳಿಗೆ ಬಲ ಒಯ್ಯುವ ಉದ್ದನೆಯ ಕಬ್ಬಿಣದ ದಂಡವೇ ಶಾಫ್ಟು. ಅದರ ಎರಡೂ ತುದಿಯ ಕೀಲಿನಲ್ಲಿ ಕೂಡುಚಿಹ್ನೆಯಂಥ ತುಂಡು ಇರುತ್ತದೆ, ಅದು ಕ್ರಾಸ್. ಎಣ್ಣೆ-ಜಿಡ್ಡು ಒಣಗಿದರೆ ಹಕ್ಕಿಯಂತೆ ಕೂಗುತ್ತದೆ. ಕೂಗಿದ್ದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳದಿದ್ದರೆ ಒಂದು ದಿನ ಓಡುವಾಗಲೇ ಮುರಿದು, ದಂಡದ ಮುಂದಿನ ತುದಿ ರಸ್ತೆಗೆ ಊರಿ, ಕೋಲೂರಿ ಜಿಗಿಯುವ ಆಟಗಾರನಂತೆ ಜೀಪನ್ನು ಎತ್ತಿ ಹಾಕುತ್ತದೆ. ನಾವು ಗಂಡ-ಹೆಂಡತಿ ಅದರ ಮೇಲೆ ಕೂತು ಮೂರು ಊರು ದಾಟಿ ಬಂದಿದ್ದೆವು.

"ಸಪ್ಪಳಾ ಇಲ್ಲೋ ಅದರಾಗ" ಎಂದೆ. ಹಟಕ್ಕೆ.

"ಇಲ್ಲ? ಕೆಳಗ ಹೋಗ್ರಿ. ನಾ ನೂಕ್ತೀನಿ."

ಗೋಣಿ ಹಾಸಿ ಜೀಪಿನ ಕೆಳಗೆ ಮಲಗಿದೆ. ಮಿಸ್ತ್ರಿ ಬಗ್ಗಿ ನೋಡುತ್ತ ಜೀಪನ್ನು ಒಂದಡಿ ಮುಂದೆ ನೂಕಿದ. ಶಾಫ್ಟು ನನ್ನ ಮೂಗಿನ ಮೇಲೆ ಗೇಣಿನಷ್ಟು ಮೇಲೆ ತಿರುಗಿತು. ಹಿಂದೆ ಎಳೆದ. ತಿರುಗಿತು.

"ಕೇಳ್ತೇನ್ರಿ?"

"ಹೊಳ್ಳಿ ನೂಕು."

ನೂಕಿದ. ನಾನು ಶಾಫ್ಟಿನ ಮೇಲೆ ಅಂಗೈ ಇಟ್ಟೆ. ಅಂಗೈಗೂ ಏನೂ ಬರಲಿಲ್ಲ. ಅಷ್ಟು ಸಣ್ಣ ಕೂಗು ಕೈಗೆ ಇಳಿಯುವುದಿಲ್ಲ, ಅದು ಕಿವಿಯ ಕೆಲಸ. ಹತ್ತು-ಹದಿನೈದು ವರ್ಷದಿಂದ ನಾನು ಕಿವಿ ಎಂದು ನಂಬಿದ್ದೆಲ್ಲ ಅಂಗೈಯೇ ಎಂಬುದು ಗಡಹಿಂಗ್ಲಜದಲ್ಲಿ, ಗೋಣಿಯ ಮೇಲೆ ಅಂಗಾತ ಮಲಗಿದಾಗ ನನಗೆ ತಿಳಿಯಿತು. ತಿಳಿವು ಹುಟ್ಟಲು ಜಾಗದ ಅಭ್ಯಂತರ ಇಲ್ಲ.

"ಇನ್ನೊಮ್ಮೆ" ಎಂದೆ.

ಮಿಸ್ತ್ರಿ ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿದ. "ಚಾ ಹೇಳಿ ಬರ್ತೀನಿ" ಎಂದು ಎದ್ದ. ಚಹಾದ ಅಂಗಡಿ ಎದುರಿಗೇ ಇದೆ. ಯಾವಾಗಲೂ ಕೂತಲ್ಲಿಂದಲೇ ಕೂಗಿ ಹೇಳುವವನು ಅಂದು ನಡೆದುಕೊಂಡು ಹೋದ, ಅಲ್ಲೇ ಬಹಳ ಹೊತ್ತು ನಿಂತ.

ಹೆಂಡತಿ ಚಾಕದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಕೆಳಗಿನಿಂದ ನನಗೆ ಆಕೆಯ ಮುಖ ಕಾಣುತ್ತಿರಲಿಲ್ಲ, ಮೊಣಕಾಲು ಮತ್ತು ಕೈ ಮಾತ್ರ. ಬಾಯಿಂದ ಏನಾದರೂ ಹೇಳಿದಳೋ ಇಲ್ಲವೋ ತಿಳಿಯದು. ಕೈಗಳು ಮೇಲೆದ್ದವು. ಎರಡು ತೋರುಬೆರಳು ಸೇರಿಸಿ ಬಿಡಿಸಿದಳು. ಆಮೇಲೆ ಮುಷ್ಟಿಯ ಮೇಲೆ ಮುಷ್ಟಿ ಸುತ್ತಿಸಿ, ಅಂಗೈ ಅಡ್ಡ ಆಡಿಸಿದಳು. ಎಳೆ ಹರಿದಿದೆ. ಬೀಮು ಮುಗಿದಿಲ್ಲ.

ಶಾಫ್ಟಿನಿಂದ ಕೆಂಪು ತುಕ್ಕಿನ ಪುಡಿ ಕಣ್ಣಿಗೆ ಬಿದ್ದಿತ್ತು. ಎರಡೂ ಕಣ್ಣಿಗೆ ಬಿದ್ದಿತ್ತು.

ಮಿಸ್ತ್ರಿ ಬಂದು ಕ್ರಾಸ್ ಬಿಚ್ಚಿದ. ಅದರ ತುದಿಗಳಿಗೆ ಹಾಕಿದ ಕಬ್ಬಿಣದ ಟೋಪಿಗಳೊಳಗೆ ಗ್ರೀಸೇ ಇಲ್ಲ, ಕುಂಕುಮದಂಥ ಪುಡಿ. ಪ್ರತಿ ತಿಂಗಳು ನಾನೇ ಗ್ರೀಸು ಹೊಡೆಯುತ್ತೇನೆ ಎಂದೆ. ಆತ ಗ್ರೀಸು ಹೋಗುವ ತೂತನ್ನು ತಂತಿಯಿಂದ ಚುಚ್ಚಿ ತೋರಿಸಿದ. ಮಣ್ಣು ಕಟ್ಟಿ ಕಲ್ಲಾಗಿತ್ತು. ಹೊಡೆದ ಗ್ರೀಸೆಲ್ಲ ಹೊರಗೇ ಬೆಣ್ಣೆಯಂತೆ ಉಕ್ಕುತ್ತಿತ್ತು. ಹೊಟ್ಟೆ ತುಂಬಿ ತೇಗಿತು ಎಂದು ನಾನು ಬಟ್ಟೆಯಿಂದ ಒರೆಸುತ್ತಿದ್ದೆ. ಒಳಗೆ ಅದು ಉಪವಾಸ ಸಾಯುತ್ತ ಕೂಗುತ್ತಿತ್ತು.

ಎರಡೂ ತುದಿಯ ಕ್ರಾಸ್ ಹೊಸದು ಕೂರಿಸಿ, ಜೀಪನ್ನು ನೂಕಿಸಿ, ಮಿಸ್ತ್ರಿ ನನ್ನನ್ನು ಕೇಳಲಿಲ್ಲ, ಆಕೆಯನ್ನು ಕೇಳಿದ.

"ಕಾಕೂ, ಈಗ?"

"ಇಲ್ಲ. ಹಾರಿ ಹೋತು."

"ಕಾನ್ ತುಮ್ಚೇ ಫಸ್ಟ್ ಕ್ಲಾಸ್, ಕಾಕೂ. ಇಂಥಾ ಕಿವಿ ಬೇಕ್ರಿ. ನನ್ನ ಗ್ಯಾರೇಜಿಗೆ ಬರ್ರಿ, ಪಗಾರ ಕೊಡ್ತೀನಿ."

"ಮನ್ಯಾಗ ಒಬ್ರು ಮಿಸ್ತ್ರಿ ಅದಾರ, ಅವರ್ದ ಸಾಕಾಗೈತಿ" ಎಂದಳು. ಇಬ್ಬರೂ ನಕ್ಕರು. ನಕ್ಕದ್ದು ನನಗೂ ಕಂಡಿತು, ನಾನೂ ನಕ್ಕೆ.

ಮರಳಿ ಬರುವಾಗ ಹಿರಣ್ಯಕೇಶಿಯ ಸೇತುವೆ ದಾಟಿ, ರಸ್ತೆಯ ಪಕ್ಕಕ್ಕೆ ನಿಲ್ಲಿಸಲು ಕೈ ಮಾಡಿದಳು. ನಿಲ್ಲಿಸಿದೆ. ಸೀಟಿನಲ್ಲೇ ಪೂರಾ ನನ್ನ ಕಡೆ ತಿರುಗಿ ಕೂತಳು.

"ನನಗ ಗೊತ್ತಿತ್ತು ಅಂತಲ್ಲ" ಎಂದಳು. "ಮನ್ಯಾಗ ಎದುರಿಗೆ ಬಂದು ನಿಂತ ಮಾತಾಡೂದು ನನಗ ಯಾವಾಗ ರೂಢಿ ಆತೋ ನನಗ ಗೊತ್ತಿಲ್ಲ. ನೀವು ಕೇಳಾಂಗಿಲ್ಲ ಅಂದ್ರ ಜೀಪಿಂದ ತಪ್ಪು ಅನ್ಕೊಂಡಿದ್ದೆ. ಇದೊಂದ್ ಸುಮ್ನ ಆದ್ರ ಎಲ್ಲಾ ಸರಿ ಆಗ್ತೈತಿ ಅನ್ಕೊಂಡೆ. ಮೂವತ್ತ್ ವರ್ಷ ಕೈಲೆ ಮಾತಾಡೀವಿ. ಈಗರ ಬಾಯಿಲೆ ಆಡೂಣು ಅಂತ."

"ಹಂಗಾರ ಜೀಪ್ ಮಾರೂದ?" ಎಂದೆ. ಅದನ್ನು ಕೇಳದೆ ಇರಲು ಆಗಲಿಲ್ಲ.

"ಅದರ ತಪ್ಪೇನೈತಿ? ಅದು ಕೂಗಿ ಕೂಗಿ ಹೇಳಾಕತ್ತಿತ್ತು." ಮುಂದುವರಿದು ಅಂದಳು. "ಕೊಲ್ಹಾಪುರದಾಗ ಕಿವಿ ಡಾಕ್ಟರ ಕಡೆ ಹೋಗೂಣು. ಬರ್ತೇನಿ ಅಂದ್ರ ಇರ್ಲಿ. ಬರಂಗಿಲ್ಲ ಅಂದ್ರ ಸಾವಕಾರ್ರಿಗೆ ನಾನ ಫೋನ್ ಮಾಡ್ತೇನಿ. ಹಿಂದಿನ ಹಾರ್ನ್ ಕೇಳದ ಮನಷ್ಯಾನ ಬಾಜೂಕ ನಾ ಕೂಡಾಂಗಿಲ್ಲ."

ಫೌಂಡೇಶನ್ ಬದಲಿಸಿದ, ಸೈಲೆನ್ಸರ್ ಬದಲಿಸಿದ, ಕ್ರಾಸ್ ಬದಲಿಸಿದ ಮನುಷ್ಯ ತನ್ನದೇ ಮೈಯ ಒಂದು ಪಾರ್ಟು ತೋರಿಸಲು ಅಂಜಿದರೆ ಮಿಸ್ತ್ರಿಗಳ ಕುಲಕ್ಕೇ ಅಪಮಾನ ಎಂದು ಬಾಯಿಂದ ಅಂದೆ. ಒಳಗೆ ಅಂಜಿಕೆ ಇದ್ದೇ ಇತ್ತು. ಮಾಲಕರು ಹತ್ತು ಜನರ ಮುಂದೆ ಹೊಗಳಿದ್ದು ನನ್ನಲ್ಲಿ ಅದೊಂದನ್ನೇ.

ಡಾಕ್ಟರು ನನ್ನನ್ನು ಗಾಜಿನ ಕಿಡಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟರು. ಸಪ್ಪಳ ಕೇಳಿದಾಗ ಒತ್ತಬೇಕು. ಸ್ವಲ್ಪ ಹೊತ್ತಿನ ಮೇಲೆ ಕಿಡಕಿಯಿಂದ ಸನ್ನೆ ಮಾಡಿದರು, ಮೇಜಿನ ಮೇಲಿನ ಎಡಗೈ ತೆಗೆಯಿರಿ ಎಂದು. ನೋಡಿದರೆ ಅಂಗೈ ಮೇಜಿಗೆ ಒತ್ತಿಕೊಂಡು ಕೂತಿತ್ತು, ಯಾರೂ ಹೇಳದೆ. ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಆಮೇಲೆ ಬಟನ್ ಒತ್ತುವ ಪ್ರಸಂಗ ಹೆಚ್ಚು ಬರಲಿಲ್ಲ.

ಮಗ್ಗದ ಕೆಲಸದವರೇನು ಎಂದು ಅವರೇ ಕೇಳಿದರು. ಇಚಲಕರಂಜಿಯಿಂದ ಇಂಥವರು ಬಹಳ ಬರುತ್ತಾರಂತೆ. ದಪ್ಪ ಸಪ್ಪಳಗಳು ಉಳಿದಿವೆ, ಸಣ್ಣವು ಹೋಗಿವೆ. ಹಕ್ಕಿ, ಬಳೆ, ಕುಕ್ಕರಿನ ಸೀಟಿ, ಹೆಣ್ಣುಮಕ್ಕಳ ಮಾತಿನ ತುದಿ. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಕಿವಿಯ ಮಶಿನ್ ಹಿಡಿದು ಕೊಡುತ್ತದೆ ಎಂದರು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ಮೊದಲಿನಿಂದ ಕೊನೆಯ ತನಕ ಮತ್ತೆ ನನಗೆ ಹೇಳಿದಳು, ಎದುರಿಗೆ ನಿಂತು.

ನವಮಿಯ ಹಿಂದಿನ ದಿನ ಮಶಿನ್ ಕೈಗೆ ಬಂತು. ಕಡಲೆಕಾಳಿನಷ್ಟು ದೊಡ್ಡದು, ಜೀಪಿನ ಎಲ್ಲ ಸುಧಾರಣೆಗಳಿಗಿಂತ ಚಿಕ್ಕದು. ಹಾಕಿಕೊಂಡು ಜೀಪಿನಲ್ಲಿ ಕೂತೆ. ಇಂಜಿನ್ ಚಾಲೂ ಮಾಡಿ ಅಂಗಳದಲ್ಲಿ ಒಂದು ಸುತ್ತು ಹಾಕಿದೆ. ದೇವರೇ! ಹುಡ್ಡಿನ ಕೊಂಡಿ ಕಿಟಿಕಿಟಿ, ಕ್ಲಚ್ಚಿನ ಪೆಡಲ್ ಕಿರ್ರೆಂದು ನರಳುವುದು, ವೈಪರಿನ ತೋಳು ಟಕಟಕ. ನಾನು ಗಾದಿಯಂಗಡಿ ಎಂದು ಹೆಮ್ಮೆಪಟ್ಟ ಜೀಪಿನಲ್ಲಿ ಏಳು ದೋಷ ಎಣಿಸಿ ಇಳಿದೆ.

"ಇಷ್ಟೆಲ್ಲಾ ಸಪ್ಪಳಾ ಐತಿ, ನೀ ಯಾಕ ಹೇಳಲಿಲ್ಲ?" ಎಂದು ಒಳಗೆ ಕೂಗಿದೆ.

"ಒದರಬ್ಯಾಡ್ರಿ" ಎಂದು ಅಡಿಗೆಮನೆಯಿಂದ ಉತ್ತರ ಬಂತು. ಎದುರಿಗೆ ಯಾರೂ ಇರಲಿಲ್ಲ. ಆಕೆ ಒಲೆಯ ಮುಂದೆ ಇದ್ದಳು, ಬೆನ್ನು ನನ್ನ ಕಡೆ. ನಾನು ಅಂಗಳದಲ್ಲಿ ಪಾನಾ ಹಿಡಿದುಕೊಂಡು ನಿಂತುಬಿಟ್ಟೆ. ಆಕೆಗೆ ಅನುಮಾನ ಬಂದಿರಬೇಕು, ತಿರುಗದೆಯೇ ಮತ್ತೊಮ್ಮೆ ಅಂದಳು, ಸಣ್ಣ ದನಿಯಲ್ಲಿ: "ನಳಾ ಸೋರಾಕತ್ತೈತಿ ಅಂತ ಅವತ್ತ ಹೇಳಿದ್ದೆ."

"ನಾಳೆ ನೋಡ್ತೀನಿ" ಎಂದೆ.

"ಇವತ್ತ ನೋಡ್ರಿ."

ನವಮಿಯ ದಿನ ಪಾನಾ, ಸ್ಕ್ರೂಡ್ರೈವರ್, ಜಾಕು ಎಲ್ಲ ತೊಳೆದು ಜೀಪಿನ ಬಾನೆಟ್ಟಿನ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದೆವು. ಹೆಂಡತಿ ಸ್ಟೇರಿಂಗಿಗೆ ಚೆಂಡುಹೂವಿನ ಹಾರ ಹಾಕಿದಳು. ಸಾವಕಾರರು ಹೇಳಿದ ವೇಳೆಗೆ ಬಂದರು. ಗೇಟಿನ ಹೊರಗಿದ್ದಾಗಲೇ ಅವರ ಕೊಲ್ಹಾಪುರಿ ಚಪ್ಪಲಿಯ ಕರ್ರ್ ಕರ್ರ್ ನನಗೆ ಕೇಳಿಸಿತು. ಮೂರು ವರ್ಷದಿಂದ ಅವರು ಇಷ್ಟು ಸಪ್ಪಳ ಮಾಡುತ್ತ ಬರುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗಿನ ಚಿಂದಿಯ ಹಾಸನ್ನು ಮುಟ್ಟಿ ನೋಡಿ, "ಭಾಳ ಕೆಲಸಾ ಮಾಡೀರಿ" ಎಂದರು.

"ಏನ್ ವಿಚಾರ ಮಾಡಿದ್ರಿ?" ಅವರೇ ಕೇಳಿದರು.

ನಾನು ಹೆಂಡತಿಯ ಕಡೆ ನೋಡಿದೆ.

"ಕೊಡೂದಿಲ್ರಿ ಸಾವಕಾರ್ರ" ಎಂದಳು. "ಕ್ಲಚ್ಚಿಂದು, ವೈಪರಿಂದು ಇನ್ನ ಕೆಲಸ ಐತಂತ ಅವರ್ದು."

ಸಾವಕಾರರು ಚಹಾ ಕುಡಿದು, ಹಾತಕಣಂಗಲೆಗೆ ಹೋಗುವ ಬಸ್ಸಿಗೆ ಹೊರಟರು. ಜೀಪು ಮಾರಲಿಲ್ಲ.